ಹಲ್ಲಿಗೆ ಕ್ಲಿಪ್ ಇರುವಾಗ ಒಸಡಿನ ನಿಗಾ: ಕನ್ನಡಿ, ಬಣ್ಣದ ಮಾತ್ರೆ, ಫೋಟೋ, ಪ್ರೋಬ್ – ಯಾರಿಗೆ ಯಾವುದು?

ನಮ್ಮ ಮನೆಯಲ್ಲಿ ಒಂದೇ ಕಾಲಕ್ಕೆ ಇಬ್ಬರ ಹಲ್ಲಿಗೆ ಕ್ಲಿಪ್ ಇತ್ತು: 14 ವರ್ಷದ ಮಗಳಿಗೆ ಮತ್ತು 41 ವರ್ಷದ ನನಗೆ. ಇಬ್ಬರೂ ಒಂದೇ ವಾಶ್ ಬೇಸಿನ್ನಿನ ಮುಂದೆ ನಿಂತು, ಒಂದೇ ಪೇಸ್ಟಿನಿಂದ, ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಹಲ್ಲುಜ್ಜುತ್ತಿದ್ದೆವು. ಆದರೆ ಒಸಡಿನ ಮೇಲೆ ನಿಗಾ ಇಡುವ ಕ್ರಮ ಇಬ್ಬರಿಗೂ ಒಂದೇ ಆಗಿರಲಾರದು ಎಂಬುದು ನನಗೆ ಅರ್ಥವಾಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಕಲಿತದ್ದನ್ನೂ, ಆಮೇಲೆ ಕೇಳಿ ಓದಿ ತಿಳಿದದ್ದನ್ನೂ ಸೇರಿಸಿ, ಲಭ್ಯವಿರುವ ವಿಧಾನಗಳನ್ನು ಇಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿದ್ದೇನೆ. ನಾನು ವೈದ್ಯನಲ್ಲ, ನಿಮ್ಮ ಬಾಯಿಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ದಂತವೈದ್ಯರದೇ.

ಮೊದಲಿಗೆ ಒಂದು ಸರಳ ಲೆಕ್ಕ. 1965ರಲ್ಲಿ ಡೆನ್ಮಾರ್ಕ್‌ನ ಆರ್‌ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಜೊತೆಗಾರರು ಒಸಡು ಚೆನ್ನಾಗಿದ್ದ ಹನ್ನೆರಡು ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಸುಮಾರು 10ರಿಂದ 21 ದಿನಗಳೊಳಗೆ ಎಲ್ಲರಿಗೂ ಒಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಒಂದು ವಾರದ ಆಸುಪಾಸಿನಲ್ಲಿ ಅದು ಇಳಿದುಹೋಯಿತು. ಈಗ ಕ್ಲಿಪ್ ಹಾಕಿಸಿಕೊಂಡವರ ತಿಂಗಳ ಲೆಕ್ಕ ನೋಡಿ: ತಂತಿ ಬಿಗಿ ಮಾಡಿಸಲು ಹೋಗುವುದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳಿಗೊಮ್ಮೆ. ಅಂದರೆ ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವೆ ಒಸಡು ಕೆಡುವುದಕ್ಕೂ ಸಮಯವಿದೆ, ಕೆಟ್ಟದ್ದು ಸರಿಯಾಗುವುದಕ್ಕೂ ಸಮಯವಿದೆ. ಹಲ್ಲಿಗೆ ಅಂಟಿಸುವ ಸಣ್ಣ ತುಂಡಿನ, ಅಂದರೆ ಬ್ರ್ಯಾಕೆಟ್ಟಿನ ಸುತ್ತ, ತಂತಿಯ ಕೆಳಗೆ, ದವಡೆ ಹಲ್ಲಿಗೆ ತೊಡಿಸುವ ಲೋಹದ ಬಳೆಯ, ಅಂದರೆ ಬ್ಯಾಂಡಿನ ಅಂಚಿನಲ್ಲಿ ಪಾಚಿ (ಹಲ್ಲಿನ ಮೇಲೆ ಕೂರುವ ಕೀಟಾಣುಗಳ ಅಂಟು ಪದರ) ಕೂರಲು ಹೊಸ ಮೂಲೆಗಳು ಸಿಕ್ಕಿರುವುದರಿಂದ ಕೆಡುವ ದಾರಿಯೇ ಸಲೀಸು. ಆದ್ದರಿಂದ ಕ್ಲಿನಿಕ್ಕಿನ ಭೇಟಿಯೊಂದನ್ನೇ ನಂಬಿ ಕೂರುವಂತಿಲ್ಲ. ಹಾಗೆಂದು ಮನೆಯ ಕನ್ನಡಿಯನ್ನೇ ನಂಬುವಂತೆಯೂ ಇಲ್ಲ, ಏಕೆಂದರೆ ಒಸಡಿನ ಅಂಚಿನಿಂದ ಕೆಳಗೆ ನಡೆಯುವುದು ಕನ್ನಡಿಗೆ ಕಾಣುವುದಿಲ್ಲ.

ಕನ್ನಡಿ ಮತ್ತು ರಕ್ತ

ಖರ್ಚಿಲ್ಲದ ವಿಧಾನ ಇದು, ಮತ್ತು ತಪ್ಪಾಗಿ ಬಳಕೆಯಾಗುವುದೂ ಇದೇ. ‘ಒಸಡು ಗುಲಾಬಿ ಬಣ್ಣದಲ್ಲಿರಬೇಕು’ ಎಂಬ ಮಾತನ್ನು ಎಲ್ಲ ಕಡೆ ಓದುತ್ತೇವೆ. ನಮ್ಮಲ್ಲಿ ಅನೇಕರ ಒಸಡು ಹುಟ್ಟಿನಿಂದಲೇ ಕಂದು, ಕೆಲವರದು ಕಪ್ಪು. ಅದು ಚರ್ಮದ ಬಣ್ಣ ಕೊಡುವ ಮೆಲನಿನ್ನಿನ ಕೆಲಸವೇ ಹೊರತು ರೋಗವಲ್ಲ. ಅಂಥ ಒಸಡಿನಲ್ಲಿ ಕೆಂಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಬಣ್ಣವನ್ನು ಬಿಟ್ಟು ಆಕಾರವನ್ನು ನೋಡುವುದು ಮೇಲು. ಎರಡು ಹಲ್ಲುಗಳ ನಡುವೆ ಇಳಿದಿರುವ ಒಸಡಿನ ತುದಿ ತೆಳ್ಳಗೆ, ಚೂಪಾಗಿ, ಹಲ್ಲಿಗೆ ಅಂಟಿಕೊಂಡಂತಿದ್ದರೆ ಒಳ್ಳೆಯದು. ಅದು ಉಬ್ಬಿ, ದುಂಡಗಾಗಿ, ಮೇಣ ಸವರಿದಂತೆ ಹೊಳೆಯತೊಡಗಿದರೆ ಅಲ್ಲಿ ನೀರು ತುಂಬಿಕೊಂಡಿದೆ ಎಂದು ತಿಳಿಯಬೇಕು.

ಆಕಾರಕ್ಕಿಂತ ಮುಂಚೆ ಸುಳಿವು ಕೊಡುವುದು ರಕ್ತ. ಆದರೆ ‘ಉಜ್ಜುವಾಗ ಉಗುಳಿನಲ್ಲಿ ರಕ್ತ ಬಂತೇ’ ಎಂದು ನೋಡುವುದು ಒರಟು ಪರೀಕ್ಷೆ. ರಕ್ತ ಎಲ್ಲಿಂದ ಬಂತು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ನಾವು ಮಾಡುತ್ತಿದ್ದದ್ದು ಹೀಗೆ: ಪ್ರತಿ ಭಾನುವಾರ ರಾತ್ರಿ, ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ಷನ್ನು ಮೊದಲೇ ಗೊತ್ತುಮಾಡಿಕೊಂಡ ಎಂಟು ಸಂದಿಗಳಲ್ಲಿ ಒಂದೊಂದು ಸಲ ಆಡಿಸಿ, ಅರ್ಧ ನಿಮಿಷ ಕಾದು, ಎಷ್ಟು ಕಡೆ ರಕ್ತ ಜಿನುಗಿತು ಎಂಬುದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವುದು. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದೂ. ಮೇಲೆ ನಾಲ್ಕು, ಕೆಳಗೆ ನಾಲ್ಕು, ಪ್ರತಿ ವಾರ ಅದೇ ಎಂಟು. ಬ್ರಷ್ಷಿನ ಅಳತೆ ಸಂದಿಗೆ ತಕ್ಕಂತಿರಬೇಕು. ಒತ್ತಿ ತುರುಕಿದರೆ ಆರೋಗ್ಯವಾದ ಒಸಡೂ ರಕ್ತ ಬಿಡುತ್ತದೆ, ಆಗ ಪರೀಕ್ಷೆಯೇ ಸುಳ್ಳಾಗುತ್ತದೆ. ಹೊಸದಾಗಿ ಈ ಬ್ರಷ್ ಬಳಸುವವರಿಗೆ ಮೊದಲ ಕೆಲವು ದಿನ ರಕ್ತ ಬರುವುದು ಸಹಜ. ದಿನವೂ ಸರಿಯಾಗಿ ಶುಚಿಮಾಡಿಯೂ ಎರಡು ವಾರ ದಾಟಿದ ಮೇಲೆ ಅದೇ ಸಂದಿಯಲ್ಲಿ ರಕ್ತ ಕಂಡರೆ ಮುಂದಿನ ತಾರೀಕಿನವರೆಗೆ ಕಾಯದೆ ಕ್ಲಿನಿಕ್ಕಿಗೆ ಫೋನ್ ಮಾಡಬೇಕು. ರಕ್ತ ಕಂಡಿತೆಂದು ಹೆದರಿ ಆ ಭಾಗಕ್ಕೆ ಬ್ರಷ್ ತಾಗಿಸದೆ ಬಿಡುವವರು ಬಹಳ ಮಂದಿ. ಅದರಿಂದ ಪಾಚಿ ಇನ್ನೂ ದಪ್ಪವಾಗಿ, ರಕ್ತ ಇನ್ನೂ ಹೆಚ್ಚಾಗುತ್ತದೆ.

ಈ ಪರೀಕ್ಷೆ ಕೈಕೊಡುವ ಸಂದರ್ಭಗಳೂ ಇವೆ. ಸಿಗರೇಟು ಸೇದುವವರ ಒಸಡು ಒಳಗೆ ಕೆಟ್ಟಿದ್ದರೂ ರಕ್ತ ಕಡಿಮೆ ಬಿಡುತ್ತದೆ, ಆದ್ದರಿಂದ ಅವರ ಕ್ಯಾಲೆಂಡರಿನ ಸೊನ್ನೆಗೆ ಬೆಲೆಯಿಲ್ಲ. ಪ್ರಾಯಕ್ಕೆ ಬರುವ ಮಕ್ಕಳಲ್ಲಿ ಮತ್ತು ಗರ್ಭಿಣಿಯರಲ್ಲಿ ಹಾರ್ಮೋನಿನ ಏರುಪೇರಿನಿಂದಾಗಿ ಸ್ವಲ್ಪ ಪಾಚಿಗೇ ಒಸಡು ಅತಿಯಾಗಿ ಊದಿಕೊಳ್ಳುತ್ತದೆ. ಇನ್ನೊಂದು ಮಾತನ್ನು ಬೆಂಗಳೂರಿನವರಿಗೆ ಹೇಳಲೇಬೇಕು: ಮಳೆಗಾಲದಲ್ಲಿ ಜ್ವರದ ಜೊತೆಗೆ, ಏನೂ ತಾಗಿಸದಿದ್ದರೂ ಒಸಡಿನಿಂದ ರಕ್ತ ಬಂದರೆ ಅದನ್ನು ಕ್ಲಿಪ್ಪಿನ ತಲೆಗೆ ಕಟ್ಟಬೇಡಿ, ಡೆಂಗಿಯಲ್ಲಿ ಅದು ಅಪಾಯದ ಸೂಚನೆ, ಅಂದೇ ಆಸ್ಪತ್ರೆಗೆ ಹೋಗಬೇಕಾದದ್ದು.

ಬಣ್ಣದ ಮಾತ್ರೆ

ಹಲ್ಲಿನ ಪಾಚಿಗೆ ಬಣ್ಣ ಹಿಡಿಸುವ ಮಾತ್ರೆಯನ್ನು ಅಗಿದು ಬಾಯಿ ಮುಕ್ಕಳಿಸಿದರೆ ಪಾಚಿ ಉಳಿದಲ್ಲೆಲ್ಲ ಕೆಂಪು ಅಂಟಿಕೊಳ್ಳುತ್ತದೆ. ಎರಡು ಬಣ್ಣದವೂ ಇವೆ. ಅವುಗಳಲ್ಲಿ ಹೊಸ ಪಾಚಿ ಗುಲಾಬಿಯಾಗಿ, ಹಳೆಯದು ನೀಲಿಯಾಗಿ ಕಾಣುತ್ತದೆ. ಮಕ್ಕಳಿಗೆ ಇದರಷ್ಟು ಚೆನ್ನಾಗಿ ಪಾಠ ಹೇಳುವ ಉಪಾಯ ಮತ್ತೊಂದಿಲ್ಲ: ‘ಸರಿಯಾಗಿ ಉಜ್ಜಿದ್ದೀನಿ ಅಪ್ಪ’ ಎಂದು ವಾದಿಸುತ್ತಿದ್ದ ಮಗಳು ಬ್ರ್ಯಾಕೆಟ್ಟಿನ ಕೆಳಗಿನ ಕೆಂಪು ಗೆರೆಯನ್ನು ನೋಡಿ ತಾನಾಗಿಯೇ ಬ್ರಷ್ ಎತ್ತಿಕೊಂಡಳು. ಆದರೆ ಈ ಮಾತ್ರೆ ತೋರಿಸುವುದು ಪಾಚಿಯನ್ನು, ಒಸಡನ್ನಲ್ಲ. ಇಂದು ರಾತ್ರಿ ಚೆನ್ನಾಗಿ ಉಜ್ಜಿ ಮಾತ್ರೆ ಹಾಕಿಕೊಂಡರೆ ಒಂದು ಚುಕ್ಕೆಯೂ ಕಾಣದಿರಬಹುದು, ಕಳೆದ ಮೂರು ವಾರಗಳ ಅಸಡ್ಡೆಯಿಂದ ಊದಿದ ಒಸಡು ಮಾತ್ರ ಹಾಗೆಯೇ ಇರುತ್ತದೆ.

ಬಳಕೆಯ ದೃಷ್ಟಿಯಿಂದ ಒಂದು ಕಿವಿಮಾತು. ಈ ಬಣ್ಣ ತುಟಿ ನಾಲಿಗೆಗೆ ಎಲೆ ಅಡಿಕೆ ಹಾಕಿಕೊಂಡವರಂತೆ ಅಂಟುತ್ತದೆ, ಬ್ರ್ಯಾಕೆಟ್ಟಿನ ಸುತ್ತ ಹಾಕುವ ತಿಳಿ ಬಣ್ಣದ ರಬ್ಬರಿಗಂತೂ ನಮ್ಮ ಅರಿಸಿನದಂತೆಯೇ ಬಿಡದೆ ಹಿಡಿಯುತ್ತದೆ. ಹಾಗಾಗಿ ರಬ್ಬರ್ ಬದಲಿಸುವ ಭೇಟಿಯ ಹಿಂದಿನ ರಾತ್ರಿ ಮಾತ್ರೆ ಹಾಕಿಕೊಂಡರೆ ಎರಡೂ ಕೆಲಸ ಆಗುತ್ತದೆ.

ಫೋನಿನ ಫೋಟೋ

ಫೋಟೋದ ಗುಣ ಅದರ ನೆನಪು. ನಾವು ನಿತ್ಯ ನೋಡುವ ಮುಖದಲ್ಲಿ ನಿಧಾನವಾದ ಬದಲಾವಣೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಎದುರಿನಿಂದ ಒಂದು ಮತ್ತು ಎರಡು ಪಕ್ಕಗಳಿಂದ ಒಂದೊಂದು ಫೋಟೋ ತೆಗೆದಿಟ್ಟರೆ ಎರಡು ಸಂಗತಿಗಳನ್ನು ಚೆನ್ನಾಗಿ ಹಿಡಿಯಬಹುದು. ಒಂದು, ಒಸಡು ಬೆಳೆದು ಬ್ರ್ಯಾಕೆಟ್ಟಿನ ಕಡೆಗೆ ಸರಿಯುತ್ತಿದೆಯೇ ಎಂಬುದು. ಬ್ರ್ಯಾಕೆಟ್ಟಿನ ಅಂಚಿಗೂ ಒಸಡಿಗೂ ನಡುವೆ ಮೊದಲ ತಿಂಗಳು ಕಾಣುತ್ತಿದ್ದ ಹಲ್ಲಿನ ಪಟ್ಟಿ ಐದನೆಯ ತಿಂಗಳಿಗೆ ಕಿರಿದಾಗಿದ್ದರೆ ಅದೇ ಸಾಕ್ಷಿ. ಇನ್ನೊಂದು ಇದಕ್ಕೆ ವಿರುದ್ಧವಾದದ್ದು: ಒಸಡು ಕೆಳಗೆ ಸರಿದು ಹಲ್ಲಿನ ಬೇರು ಕಾಣತೊಡಗುವುದು. ಕೆಳಗಿನ ಮುಂಭಾಗದ ಹಲ್ಲುಗಳಲ್ಲಿ, ಅದರಲ್ಲೂ ಒಸಡು ತೆಳ್ಳಗಿರುವವರಲ್ಲಿ, ಹಲ್ಲನ್ನು ಮುಂದಕ್ಕೆ ಬಾಗಿಸುವಾಗ ಈ ಸಾಧ್ಯತೆ ಇರುತ್ತದೆ. ‘ಈ ಹಲ್ಲು ಉದ್ದವಾದಂತಿದೆಯಲ್ಲ’ ಎಂದು ಮನೆಯವರು ಅಂದರೆ ಹಳೆಯ ಫೋಟೋ ತೆಗೆದು ನೋಡಿ. ಫೋಟೋ ಕಳಿಸಿದರೆ ದೂರದಿಂದಲೇ ನೋಡಿ ಹೇಳುವ ಆ್ಯಪ್‌ಗಳೂ ಈಗ ಬಂದಿವೆ. ಭೇಟಿಗಳ ನಡುವೆ ಅವು ಉಪಯೋಗಕ್ಕೆ ಬರುತ್ತವೆ, ಆದರೆ ಫೋಟೋದಲ್ಲಿ ರಕ್ತವೂ ಕಾಣದು, ಆಳವೂ ಕಾಣದು.

ತಂತಿ ಬಿಗಿ ಮಾಡುವ ಭೇಟಿ

ಆರ್ಥೋಡಾಂಟಿಸ್ಟರ, ಅಂದರೆ ಕ್ಲಿಪ್ ಹಾಕುವ ತಜ್ಞರ, ಗಮನ ಸಹಜವಾಗಿಯೇ ಹಲ್ಲು ಎಷ್ಟು ಸರಿಯಿತು ಎಂಬುದರ ಮೇಲೆ ಇರುತ್ತದೆ. ಆದರೆ ಆ ಭೇಟಿಯಲ್ಲಿ ಬೇರೆಲ್ಲೂ ಸಿಗದ ಒಂದು ಘಳಿಗೆಯಿದೆ: ಹಳೆಯ ತಂತಿ ತೆಗೆದು ಹೊಸದು ಹಾಕುವ ನಡುವಿನ ನಿಮಿಷಗಳು. ತಂತಿ ಇಲ್ಲದ ಆ ಹೊತ್ತಿನಲ್ಲಿ ಒಸಡು ಪೂರ್ತಿ ಕಾಣುತ್ತದೆ, ಬ್ರಷ್ಷೂ ಎಲ್ಲ ಕಡೆ ಹೋಗುತ್ತದೆ. ‘ಡಾಕ್ಟ್ರೇ, ತಂತಿ ತೆಗೆದಾಗ ಒಸಡು ಒಂದ್ಸಲ ನೋಡಿ, ಎಷ್ಟು ಊತ ಇದೆ ಅಂತ ಫೈಲಲ್ಲಿ ಬರೀರಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬರೆಯಲು ಅಳತೆಗೋಲೂ ಸಿದ್ಧವಾಗಿದೆ. 1963ರಲ್ಲಿ ಲೋ ಮತ್ತು ಸಿಲ್ನೆಸ್ ರೂಪಿಸಿದ ಸೂಚ್ಯಂಕದಲ್ಲಿ ಸೊನ್ನೆ ಎಂದರೆ ಆರೋಗ್ಯ, 1 ಎಂದರೆ ಅಲ್ಪ ಬದಲಾವಣೆ, 2 ಎಂದರೆ ತಾಗಿಸಿದಾಗ ರಕ್ತ, 3 ಎಂದರೆ ತಾನಾಗಿಯೇ ರಕ್ತ ಬರುವಂತಹ ತೀವ್ರ ಉರಿಯೂತ. ಪ್ರತಿ ಭೇಟಿಗೂ ಒಂದು ಅಂಕಿ ದಾಖಲಾದರೆ ಆರು ತಿಂಗಳ ಬಳಿಕ ಅದು ಒಂದು ಕಥೆಯನ್ನೇ ಹೇಳುತ್ತದೆ. ಉರಿಯೂತ ಹೆಚ್ಚಿದ್ದರೆ ಕೆಲವು ವೈದ್ಯರು ಹೊಸ ತಂತಿ ಹಾಕದೆ ಹಲ್ಲು ಕ್ಲೀನ್ ಮಾಡಿಸಿಕೊಂಡು ಬರುವಂತೆ ಕಳಿಸುತ್ತಾರೆ. ಚಿಕಿತ್ಸೆ ತಡವಾಯಿತೆಂದು ಆಗ ಬೇಸರವಾಗುತ್ತದೆ. ನನ್ನ ಲೆಕ್ಕದಲ್ಲಿ ಅಂಥವರೇ ನಂಬಿಕೆಗೆ ಯೋಗ್ಯರು.

ಪ್ರೋಬ್: ಮಿಲಿಮೀಟರಿನ ಲೆಕ್ಕ

ಒಸಡಿಗೂ ಹಲ್ಲಿಗೂ ನಡುವೆ ಒಂದು ಸಣ್ಣ ಸಂದು ಎಲ್ಲರಿಗೂ ಇರುತ್ತದೆ. ಮಿಲಿಮೀಟರ್ ಗುರುತುಗಳಿರುವ ತೆಳು ಕಡ್ಡಿಯನ್ನು, ಸುಮಾರು 25 ಗ್ರಾಂನಷ್ಟು ಮೆಲುವಾದ ಒತ್ತಡದಲ್ಲಿ, ಆ ಸಂದಿಗೆ ಇಳಿಸಿ ಆಳವನ್ನು ಅಳೆಯುವುದೇ ಪ್ರೋಬಿಂಗ್. ಒಂದು ಹಲ್ಲಿಗೆ ಆರು ಕಡೆ ಅಳೆಯುತ್ತಾರೆ. 1ರಿಂದ 3 ಮಿಲಿಮೀಟರ್ ಇದ್ದು ರಕ್ತ ಬಾರದಿದ್ದರೆ ನಿಶ್ಚಿಂತೆ. 2017ರಲ್ಲಿ ಅಮೆರಿಕ ಮತ್ತು ಯೂರೋಪಿನ ಒಸಡು ತಜ್ಞರ ಸಂಘಗಳು ಶಿಕಾಗೋದಲ್ಲಿ ಕೂಡಿ ಒಪ್ಪಿಕೊಂಡ ವರ್ಗೀಕರಣದ ಪ್ರಕಾರ, ಅಳೆದ ಜಾಗಗಳಲ್ಲಿ ರಕ್ತ ಬಂದವು ನೂರಕ್ಕೆ 10ಕ್ಕಿಂತ ಕಡಿಮೆ ಇದ್ದರೆ ಆರೋಗ್ಯವೆಂದೂ, 10ರಿಂದ 30ರವರೆಗೆ ಇದ್ದರೆ ಅಲ್ಲಲ್ಲಿ ಉರಿಯೂತವೆಂದೂ, 30 ಮೀರಿದರೆ ಬಾಯಿಯಿಡೀ ಹರಡಿದ ಉರಿಯೂತವೆಂದೂ ಎಣಿಸುತ್ತಾರೆ. ಇದನ್ನು ನಮ್ಮ ಬಾಯಿಗೆ ಅನ್ವಯಿಸಿ ನೋಡೋಣ. ಕ್ಲಿಪ್ಪಿಗೆ ಜಾಗ ಮಾಡಲು ನಾಲ್ಕು ಹಲ್ಲು ಕೀಳಿಸಿದ್ದವರ ಬಾಯಿಯಲ್ಲಿ, ಬುದ್ಧಿ ಹಲ್ಲು ಬಿಟ್ಟು, 24 ಹಲ್ಲುಗಳು, ಅಂದರೆ 144 ಜಾಗಗಳು. ಹದಿನಾಲ್ಕು ಕಡೆ ರಕ್ತ ಬಂದರೆ ಇನ್ನೂ ಗಡಿಯೊಳಗೆ, ಹದಿನೈದಾದರೆ ಗಡಿ ದಾಟಿದಂತೆ. ಹಾಗೆ ನೋಡಿದರೆ ‘ಸ್ವಲ್ಪ ರಕ್ತ ಬರುತ್ತೆ’ ಎಂಬ ಮಾತಿಗೆ ಅರ್ಥವೇ ಇಲ್ಲ. ಎಷ್ಟರಲ್ಲಿ ಎಷ್ಟು ಎಂದು ಕೇಳಬೇಕು.

ನನ್ನ ಪಾಠ ನಡೆದದ್ದು ಇಲ್ಲಿಯೇ. ಕ್ಲಿಪ್ ಹಾಕಿದ ಕ್ಲಿನಿಕ್ಕಿನಲ್ಲಿ ಎಂಟು ತಿಂಗಳವರೆಗೆ ಯಾರೂ ಪ್ರೋಬ್ ಇಳಿಸಲಿಲ್ಲ. ನಾನೂ ಕೇಳಲಿಲ್ಲ, ಕೇಳಬೇಕೆಂಬುದೇ ಗೊತ್ತಿರಲಿಲ್ಲ. ಬೇರೊಬ್ಬ ದಂತವೈದ್ಯರ ಬಳಿ ಕ್ಲೀನಿಂಗಿಗೆ ಹೋದಾಗ ಅವರು ಅಳೆದು, ಕೆಳದವಡೆಯ ಬ್ಯಾಂಡಿನ ಬಳಿ ಮೂರು ಕಡೆ 5 ಮಿಲಿಮೀಟರ್ ಇದೆ ಎಂದರು. ಎದೆ ಧಸಕ್ಕೆಂದಿತು. ಅವರು ಸಮಾಧಾನವಾಗಿ ವಿವರಿಸಿದರು: ಆಳ ಹೆಚ್ಚಿದ್ದ ಮಾತ್ರಕ್ಕೆ ಮೂಳೆ ಹೋಗಿದೆಯೆಂದಲ್ಲ. ಒಸಡು ಊದಿ ಮೇಲೇರಿದರೂ ಕಡ್ಡಿ ಹೆಚ್ಚು ಇಳಿಯುತ್ತದೆ, ಅದು ಹುಸಿ ಆಳ. ಕ್ಲೀನ್ ಮಾಡಿ ಕೆಲವು ವಾರ ಕಾದು ಮತ್ತೆ ಅಳೆದಾಗ ಎರಡು ಕಡೆ 3ಕ್ಕೆ ಇಳಿದಿತ್ತು, ಒಂದು ಕಡೆ ಇಳಿಯಲಿಲ್ಲ. ಆ ಒಂದು ಜಾಗ ಕ್ಲಿಪ್ಪಿಗೆ ಮೊದಲೇ ಹಾಗಿತ್ತೋ, ಆಮೇಲೆ ಹಾಗಾಯಿತೋ ಎಂದು ಕೇಳಿದರೆ ಅವರಿಗೂ ಹೇಳಲಾಗಲಿಲ್ಲ, ಏಕೆಂದರೆ ಹೋಲಿಸಲು ಮೊದಲಿನ ಅಳತೆ ಇರಲಿಲ್ಲ. ಆದ್ದರಿಂದ ಕ್ಲಿಪ್ ಹಾಕಿಸುವ ಮೊದಲೇ ಒಮ್ಮೆ ಪೂರ್ತಿ ಅಳೆಸಿ, ಆ ಹಾಳೆಯ ನಕಲನ್ನು ಮನೆಯಲ್ಲಿಟ್ಟುಕೊಳ್ಳುವುದನ್ನು ನಾನು ಉಳಿದೆಲ್ಲ ಸಲಹೆಗಳಿಗಿಂತ ಮೇಲೆ ಇಡುತ್ತೇನೆ.

ಆಮೇಲೆ ಎಷ್ಟು ದಿನಕ್ಕೊಮ್ಮೆ? ಒಸಡು ಚೆನ್ನಾಗಿರುವ ಮಗುವಿಗೆ ಆರು ತಿಂಗಳಿಗೊಮ್ಮೆ ಸಾಕಾಗಬಹುದು. ಹಿಂದೆ ಒಸಡಿನ ರೋಗಕ್ಕೆ ಚಿಕಿತ್ಸೆ ಪಡೆದವರಿಗೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ, ತಂಬಾಕು ಬಳಸುವವರಿಗೆ ಮೂರು ತಿಂಗಳು ದಾಟಬಾರದು, ಮತ್ತು ಅದನ್ನು ಒಸಡು ತಜ್ಞರೇ, ಅಂದರೆ ಪೀರಿಯೋಡಾಂಟಿಸ್ಟರೇ, ಮಾಡುವುದು ಸರಿ. ಉರಿಯೂತ ಹತೋಟಿಯಲ್ಲಿದ್ದರೆ ಮೂಳೆ ಸ್ವಲ್ಪ ಕಡಿಮೆಯಿದ್ದ ಹಲ್ಲನ್ನೂ ಸರಿಸಬಹುದು. ರೋಗ ಸಕ್ರಿಯವಾಗಿರುವಾಗ ಸರಿಸಿದರೆ ಉಳಿದ ಮೂಳೆಯೂ ಬೇಗ ಕರಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಆಮ್ಲೊಡಿಪಿನ್‌ನಂತಹ ಔಷಧಿಗಳು ಕೆಲವರಲ್ಲಿ ಒಸಡನ್ನು ಬೆಳೆಸುತ್ತವೆ; ಅವನ್ನು ಸೇವಿಸುವವರು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಎಕ್ಸ್-ರೇ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ತೋರಿಸುವುದು ಆಗಿಹೋದ ಮೂಳೆ ನಷ್ಟವನ್ನು, ಇಂದಿನ ಉರಿಯೂತವನ್ನಲ್ಲ. ಕ್ಲಿಪ್ಪಿಗೆ ಮೊದಲು ತೆಗೆಸುವ ಇಡೀ ದವಡೆಯ ಓ.ಪಿ.ಜಿ.ಯಲ್ಲಿ ಮುಂಭಾಗದ ಹಲ್ಲುಗಳ ಮೂಳೆಯ ಅಂಚು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಸಂಶಯದ ಜಾಗಕ್ಕೆ ಸಣ್ಣ ಫಿಲ್ಮ್ ಬೇಕಾಗುತ್ತದೆ. ಪ್ರೋಬಿನ ಅಂಕಿ ಸಂಶಯ ಹುಟ್ಟಿಸಿದಾಗ ಮಾತ್ರ ಎಕ್ಸ್-ರೇ ತೆಗೆಸಿದರೆ ಸಾಕು.

ಬೆಂಗಳೂರಿನಲ್ಲಿ ಎಲ್ಲಿ, ಹೇಗೆ

ಇಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ತಿಂಗಳಿಗೆ ಒಂದೆರಡು ದಿನ ಆರ್ಥೋಡಾಂಟಿಸ್ಟ್ ಬಂದು ಹೋಗುವ ಪದ್ಧತಿ ಸಾಮಾನ್ಯ. ಮನೆಗೆ ಹತ್ತಿರ, ಟ್ರಾಫಿಕ್ಕಿನ ಕಾಟವಿಲ್ಲ. ಆದರೆ ಒಸಡಿನ ಹೊಣೆ ಬಂದು ಹೋಗುವ ತಜ್ಞರದೋ, ಅಲ್ಲೇ ಇರುವ ವೈದ್ಯರದೋ ಎಂಬುದು ಅಸ್ಪಷ್ಟವಾಗಿ ಉಳಿಯುತ್ತದೆ. ಮೊದಲ ದಿನವೇ ಕೇಳಿ ಖಚಿತಪಡಿಸಿಕೊಳ್ಳಿ, ಪ್ಯಾಕೇಜಿನಲ್ಲಿ ಕ್ಲೀನಿಂಗ್ ಸೇರಿದೆಯೋ ಇಲ್ಲವೋ ಎಂಬುದನ್ನೂ. ಎಲ್ಲ ತಜ್ಞರೂ ಒಂದೇ ಸೂರಿನಡಿ ಇರುವ ದೊಡ್ಡ ಕ್ಲಿನಿಕ್ಕುಗಳಲ್ಲಿ ಫೈಲು ಒಂದೇ ಇರುತ್ತದೆ, ಬಿಲ್ಲು ದೊಡ್ಡದಿರುತ್ತದೆ. ಮೂರನೆಯದು ದಂತ ಕಾಲೇಜುಗಳ ಆಸ್ಪತ್ರೆ. ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಇರುವ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಅಂಥದ್ದು, ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ದೂರವಿಲ್ಲ. ಇಂಥ ಕಾಲೇಜುಗಳಲ್ಲಿ ವಕ್ರದಂತ ವಿಭಾಗವೂ ಒಸಡಿನ ವಿಭಾಗವೂ ಬೇರೆ ಬೇರೆ ಇರುತ್ತವೆ, ಅಳತೆಯ ಹಾಳೆ ತುಂಬುವುದು ವಿದ್ಯಾರ್ಥಿಗಳ ಕಲಿಕೆಯದೇ ಭಾಗ. ಖರ್ಚು ಕಡಿಮೆ, ಬದಲಿಗೆ ಅರ್ಧ ದಿನ ರಜೆ ಹಾಕಬೇಕಾದೀತು. ದಾಖಲೆಯನ್ನೇ ಮುಖ್ಯವೆಂದುಕೊಂಡರೆ, ಕ್ಲಿಪ್ ಎಲ್ಲೇ ಹಾಕಿಸಿದರೂ ಒಸಡಿನ ಅಳತೆಯನ್ನು ಕಾಲೇಜಿನಲ್ಲಿ ಮಾಡಿಸುವುದು ಕೆಟ್ಟ ಯೋಚನೆಯೇನಲ್ಲ.

‘ನಮ್ಮ ಏರಿಯಾದ್ದು ಬೋರ್‌ವೆಲ್ ನೀರು, ಅದಕ್ಕೇ ಹಲ್ಲಿಗೆ ಕಿಟ್ಟ ಕಟ್ಟುತ್ತೆ’ ಎಂಬ ಮಾತನ್ನು ಕಾಯುವ ಬೆಂಚಿನಲ್ಲಿ ಹಲವು ಸಲ ಕೇಳಿದ್ದೇನೆ. ಬಕೆಟ್ಟಿಗೆ ಕಟ್ಟುವ ಬಿಳಿ ಪದರಕ್ಕೆ ಆ ಮಾತು ಸರಿ. ಹಲ್ಲಿನ ಕಿಟ್ಟ ಮಾತ್ರ ತೆಗೆಯದೆ ಬಿಟ್ಟ ಪಾಚಿ, ನಮ್ಮದೇ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಗಟ್ಟಿಯಾದದ್ದು. ತಿಂಡಿಯ ವಿಷಯದಲ್ಲಿ ಒಂದೇ ಎಚ್ಚರಿಕೆ: ಕಡಲೆಕಾಯಿ ಪರಿಷೆಯ ಮರುದಿನ ಒಂದೇ ಸಂದಿಯಲ್ಲಿ ಥಟ್ಟನೆ ನೋವು, ರಕ್ತ ಕಂಡರೆ ಅಲ್ಲಿ ಕಡಲೆಬೀಜದ ಕೆಂಪು ಸಿಪ್ಪೆ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಪಿನ್ನು ಹಾಕಿ ಕೆದಕಬೇಡಿ, ಸಂದಿಯ ಬ್ರಷ್ಷಿನಿಂದಲೇ ತೆಗೆಯಿರಿ.

ನಮ್ಮ ಮನೆಯ ಎರಡು ಕ್ರಮಗಳು

ಮಗಳಿಗೆ ಭಾನುವಾರದ ಎಂಟು ಸಂದಿ, ತಿಂಗಳ ಫೋಟೋ, ಭೇಟಿಯ ಹಿಂದಿನ ರಾತ್ರಿಯ ಮಾತ್ರೆ, ಆರು ತಿಂಗಳಿಗೊಮ್ಮೆ ಅಳತೆ, ಇಷ್ಟು ಸಾಕಾಯಿತು. ಅವಳು ಬಾಯಿ ತೆರೆದು ಮಲಗುವವಳು. ಮೇಲಿನ ಮುಂಭಾಗದ ಒಸಡು ಒಣಗಿ ಊದುತ್ತಿದ್ದುದು ಫೋಟೋದಲ್ಲೇ ಸಿಕ್ಕಿತು, ಮೂಗು ಕಟ್ಟುವುದಕ್ಕೆ ಚಿಕಿತ್ಸೆ ಕೊಡಿಸಿದೆವು. ನನಗೆ ಮೂರು ತಿಂಗಳಿಗೊಮ್ಮೆ ಒಸಡು ತಜ್ಞರ ಅಳತೆ ಮತ್ತು ಕ್ಲೀನಿಂಗ್, ಅದರ ಹಾಳೆ ಆರ್ಥೋಡಾಂಟಿಸ್ಟರ ಕೈಗೆ ತಲುಪುವವರೆಗೆ ತಂತಿಯಲ್ಲಿ ಬದಲಾವಣೆ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ಇಬ್ಬರಿಗೂ ವೈದ್ಯರು ಹೇಳಿದಾಗ ಮಾತ್ರ, ಹೇಳಿದಷ್ಟು ದಿನ ಮಾತ್ರ ಬಳಸಿದೆವು. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಜೊತೆಗೆ ರಕ್ತವನ್ನು ತಾತ್ಕಾಲಿಕವಾಗಿ ಅಡಗಿಸಿ ಭಾನುವಾರದ ಲೆಕ್ಕವನ್ನೂ ಕೆಡಿಸುತ್ತದೆ.

ಕ್ಲಿಪ್ ತೆಗೆದ ಮೇಲೆ ಇಬ್ಬರ ಕೆಳಹಲ್ಲುಗಳ ಹಿಂದೆಯೂ ಹಲ್ಲು ಮತ್ತೆ ಸರಿಯದಂತೆ ಸಣ್ಣ ತಂತಿಯೊಂದನ್ನು ಅಂಟಿಸಿದ್ದಾರೆ. ಎಂಜಲಿನ ಗ್ರಂಥಿಗಳಲ್ಲಿ ಕೆಲವು ಬಾಯಿಗೆ ತೆರೆದುಕೊಳ್ಳುವುದು ಆ ಹಲ್ಲುಗಳ ಹಿಂದೆಯೇ, ಹಾಗಾಗಿ ಕಿಟ್ಟ ಬೇಗ ಕಟ್ಟುವ ಜಾಗವೂ ಅದೇ. ಕ್ಯಾಲೆಂಡರಿನಲ್ಲಿ ಈಗ ಎಂಟರ ಬದಲು ಅಲ್ಲಿನ ಐದು ಸಂದಿಗಳ ಲೆಕ್ಕ ಬರೆಯುತ್ತಿದ್ದೇವೆ.